ಅರ್ಧ ಮಾರ್ಕಿನ ಸಾಲು

ವಕೀಲರ ಫೋನು ಬಂದಾಗ ಅವಳ ಕೈಯಲ್ಲಿ ಹಾಲಿನ ಪಾತ್ರೆಯಿತ್ತು. ಮಾತು ಮುಗಿಯುವವರೆಗೂ ಅದನ್ನು ಎಲ್ಲಾದರೂ ಇಡಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಅವಳು ಭೂಗೋಳ ಕಲಿಸುವ ಏಳನೇ ತರಗತಿಯ ಫಸ್ಟ್ ರ‍್ಯಾಂಕಿನ ಹುಡುಗನ ತಂದೆ ಅವರು. ಕೋರ್ಟಿನಲ್ಲಿ ಹೇಗೋ ಏನೋ, ಫೋನಿನಲ್ಲಿ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. "ನಮ್ಮ ಹುಡುಗನಲ್ಲಿ ಏನಾದ್ರೂ ಕೊರತೆ ಕಂಡಿದ್ರೆ ನಮಗೆ ಮೊದಲೇ ಹೇಳಬೇಕಿತ್ತು ಮೇಡಂ. ಎಲ್ಲರಿಗೂ ಹತ್ತು ಪ್ರಶ್ನೆ ಕೊಟ್ಟು ಇವನಿಗೆ ನಾಲ್ಕೇ ಕೊಟ್ಟಿದ್ದೀರಂತೆ. ದಪ್ಪ ಅಕ್ಷರ, ಜೊತೆಗೆ ಒಂದು ಮೋಡದ ಚಿತ್ರ. ನಿನ್ನೆ ಊಟ ಮಾಡ್ತಾ ಹೇಳಿದ. ಆಗಿನಿಂದ ನಮ್ಮನೆಯವಳು ಮಾತೇ ಆಡ್ತಿಲ್ಲ." ಅವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಛೇ, ಅದು ಅವನಿಗಲ್ಲ ಸಾರ್, ತಪ್ಪಿ ಹೋಗಿದೆ, ಅವನಿಗೆ ಏನೂ ಆಗಿಲ್ಲ, ಬಂಗಾರದಂಥ ಹುಡುಗ, ಕ್ಷಮಿಸಿ ಸಾರ್, ಖಂಡಿತ ಕ್ಷಮಿಸಿ. ಹಾಲಿನ ಪಾತ್ರೆ ಹಿಡಿದುಕೊಂಡೇ ಅವಳು ತಲೆ ಬಗ್ಗಿಸಿದಳು. ಫೋನಿನಲ್ಲಿ ತಲೆ ಕಾಣುವುದಿಲ್ಲವೆಂಬುದೂ ಆಗ ನೆನಪಿರಲಿಲ್ಲ.

"ಕಾಲಿಗೆ ಬೀಳೋದೊಂದು ಬಾಕಿ ಇತ್ತಲ್ಲೇ," ಎಂದ ಗಂಡ. ಅವನು ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು. ಮನೆಯ ಮುಂದಿನ ಚಿಕ್ಕ ಜಗಲಿಯೇ ಅವನ ಕಾರ್ಖಾನೆ. ಅಲ್ಲಿ ಜಾಗ ಸಾಲದೆ ಊರವರ ವಸಡುಗಳ ಪ್ಲಾಸ್ಟರ್ ಅಚ್ಚುಗಳು ಅಡುಗೆಮನೆಯ ಕಿಟಕಿಗೂ ಬಂದು ಒಣಗುತ್ತ ಕೂತಿದ್ದವು. ಬೇರೆ ದಿನ ಅವಳು ಅವುಗಳಿಗೆ ಬೆನ್ನು ಹಾಕಿ ಕಾಫಿ ಕುಡಿಯುತ್ತಿದ್ದಳು. ಇವತ್ತು ಎಲ್ಲ ಬಾಯಿಗಳೂ ತನ್ನನ್ನೇ ನೋಡಿ ಕಿಸಕ್ಕೆಂದ ಹಾಗಾಯಿತು.

"ಹಾಳೆ ಅದಲುಬದಲಾಯ್ತು ಕಣ್ರೀ. ಅಷ್ಟೆ."

"ಅಷ್ಟೆ ಆದ್ರೆ ಅಷ್ಟು ಕ್ಷಮೆ ಯಾಕೆ ಕೇಳ್ದೆ? ಆ ಹುಡುಗನಿಗೇನು, ಕೆಲಸ ಕಮ್ಮಿ ಆಯ್ತು. ಇನ್ನೊಂದು ಹಾಳೆ ಯಾರಿಗೆ ಹೋಯ್ತೋ, ಅವರ ಮನೆಗೆ ಮಾಡಿದ್ಯಾ ಫೋನು?"

ಇನ್ನೊಂದು ಹಾಳೆ ಹೋಗಿದ್ದು ಸೂಜಿಗೆ, ಓದಲು ಕಷ್ಟಪಡುತ್ತಾಳೆಂದು ನಾಲ್ಕೇ ಪ್ರಶ್ನೆಯ ಹಾಳೆ ಮಾಡಿಸಿಕೊಳ್ಳುತ್ತಿದ್ದ ಹುಡುಗಿಗೆ. ಅವಳ ಮನೆಗೆ ಫೋನು ಮಾಡಬೇಕೆಂಬ ಯೋಚನೆ ಈ ಕ್ಷಣದವರೆಗೆ ಬಂದಿರಲಿಲ್ಲ. ಅವಳು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬ್ಯಾಗಿನಿಂದ ಹೋಂವರ್ಕಿನ ಕಟ್ಟು ತೆಗೆದಳು. ನಿನ್ನೆ ಸಂಜೆ ಉಳಿದವರದನ್ನೆಲ್ಲ ತಿದ್ದಿದ್ದಳು. ಸೂಜಿಯದು ಹೇಗೂ ಅರ್ಧ ನಿಮಿಷದ ಕೆಲಸವೆಂದು, ವಕೀಲರ ಮಗನದು ಹೇಗೂ ಎಲ್ಲ ಸರಿಯಿರುತ್ತದೆಂದು, ಇಬ್ಬರ ಹಾಳೆಯನ್ನೂ ಬಿಡಿಸಿ ನೋಡದೆ ಕೊನೆಗೆ ಇಟ್ಟಿದ್ದಳು. ಈಗ ಸೂಜಿಯ ಹಾಳೆ ಬಿಡಿಸಿದಳು. ಹತ್ತಕ್ಕೆ ಹತ್ತೂ ಪ್ರಶ್ನೆಗೆ ಉತ್ತರ ಬರೆದಿತ್ತು. ಸಾಲುಗಳು ಗುಡ್ಡ ಹತ್ತಿ ಇಳಿದಿದ್ದವು, ರಬ್ಬರು ತಿಕ್ಕಿ ತಿಕ್ಕಿ ಮೂರನೇ ಪ್ರಶ್ನೆಯ ಹತ್ತಿರ ಕಾಗದವೇ ತೂತಾಗಿತ್ತು, ತೂತನ್ನು ದಾಟಿ ಉತ್ತರ ಮುಂದುವರಿದಿತ್ತು. ಎಷ್ಟು ಹೊತ್ತು ಕೂತಿದ್ದಳೋ ಹುಡುಗಿ. ನೋಡಿದ ತಕ್ಷಣವೇ ಅವಳು ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕಿದಳು, ಯಾರದೋ ಮನೆಯೊಳಗೆ ಬಾಗಿಲು ತಟ್ಟದೆ ನುಗ್ಗಿದವಳ ಹಾಗೆ.

ಶಾಲೆಗೆ ನಡೆಯುವ ದಾರಿಯಲ್ಲಿ ಬಿಸಿಲು ಹಿತವಾಗಿತ್ತು. ಇಸ್ತ್ರಿ ಅಂಗಡಿಯವನು ರೇಡಿಯೋ ಹಚ್ಚಿಕೊಂಡು ಅಂಗಿಯೊಂದರ ಕಾಲರಿನ ಜೊತೆ ಜಗಳವಾಡುತ್ತಿದ್ದ, ಸೈಕಲ್ಲಿನಲ್ಲಿ ಬಂದ ಎಂಟನೇ ತರಗತಿಯವರು ಹ್ಯಾಂಡಲ್ ಬಿಟ್ಟು ನಮಸ್ಕಾರ ಮಾಡಿದರು. ತಪ್ಪು ತನ್ನದೇ, ಒಳ್ಳೆಯತನ ತೋರಿಸಲು ಹೋಗಿ ಆದ ತಪ್ಪು, ಆದ್ದರಿಂದ ಅದು ದೊಡ್ಡದಲ್ಲ ಎಂದು ಅವಳು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಸೂಜಿಗೆ ಬೇರೆ ಹಾಳೆ ಎಂದು ತರಗತಿಗೆ ಗೊತ್ತಾಗಬಾರದೆಂದು ಅವಳೊಂದು ಉಪಾಯ ಕಂಡುಕೊಂಡಿದ್ದಳು. ಹಾಳೆಗಳನ್ನು ಸಾಲಿನ ಮೊದಲ ಬೆಂಚಿಗೆ ಕೊಟ್ಟು ಹಿಂದಕ್ಕೆ ದಾಟಿಸುವುದು ರೂಢಿ. ಕಿಟಕಿ ಸಾಲಿನ ಕಟ್ಟಿನಲ್ಲಿ ಸೂಜಿಯ ಜಾಗ ಎಷ್ಟನೆಯದೋ ಅಲ್ಲಿಗೇ ಸರಿಯಾಗಿ ನಾಲ್ಕು ಪ್ರಶ್ನೆಯ ಹಾಳೆಯನ್ನು ಸೇರಿಸಿಟ್ಟರೆ ಅದು ಇಸ್ಪೀಟಿನ ಎಲೆಯ ಹಾಗೆ ತಾನಾಗಿ ಹೋಗಿ ಅವಳ ಮುಂದೆ ಬೀಳುತ್ತಿತ್ತು. ವರ್ಷವಿಡೀ ಒಮ್ಮೆಯೂ ಕೈ ತಪ್ಪಿರಲಿಲ್ಲ. ಆವತ್ತು ವಕೀಲರ ಮಗ ಫ್ಯಾನು ಕಿರುಗುಟ್ಟುತ್ತದೆಂದು ತನ್ನ ಜಾಗ ಬಿಟ್ಟು ಸೂಜಿಯ ಮುಂದಿನ ಬೆಂಚಿಗೆ ಬಂದು ಕೂತಿದ್ದ. ಅದನ್ನವಳು ನೋಡಿದ್ದಳು ಕೂಡ. ನೋಡಿ, ಜಾಣ ಹುಡುಗ, ಎಲ್ಲಿ ಕೂತರೇನು ಎಂದುಕೊಂಡಿದ್ದಳು.

ಅವಳು ಚಿಕ್ಕವಳಿದ್ದಾಗ ದುಂಡಗಿದ್ದಳು. ಓಟದ ಪಂದ್ಯದಲ್ಲಿ ಎಲ್ಲರೂ ಗೆರೆಯ ಮೇಲೆ ನಿಂತರೆ ಡ್ರಿಲ್ ಮಾಸ್ತರು ಪ್ರೀತಿಯಿಂದ ಅವಳ ಭುಜ ಹಿಡಿದು ಮೈದಾನದ ನಡುವಿಗೆ ಕರೆದೊಯ್ದು ನಿಲ್ಲಿಸಿದ್ದರು. ಇಲ್ಲಿಂದ ಓಡು ಪುಟ್ಟಾ. ಓಡಿದಳು, ಎರಡನೆಯವಳಾಗಿ ಬಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಅಪ್ಪನಂತೂ ಎದ್ದು ನಿಂತು ತಟ್ಟಿದರು. ಬಹುಮಾನವಾಗಿ ಬಂದ ಸೋಪಿನ ಡಬ್ಬಿಯನ್ನು ಅವಳು ಯಾವತ್ತೂ ಬಳಸಲಿಲ್ಲ. ಅದು ಎಲ್ಲಿ ಹೋಯಿತೆಂದು ಅಮ್ಮ ಬಹಳ ದಿನ ಹುಡುಕಿದರು. ಶಾಲೆಯ ಗೇಟಿನ ಹತ್ತಿರ ಬಂದಾಗ ಆ ಡಬ್ಬಿಯ ತಿಳಿಗುಲಾಬಿ ಬಣ್ಣ ಯಾಕೆ ನೆನಪಾಯಿತೆಂದು ಅವಳಿಗೆ ಸಿಟ್ಟು ಬಂತು.

ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರು ಕಾಯುತ್ತಿದ್ದರು. ವಕೀಲರು ಅವರಿಗೂ ಫೋನು ಮಾಡಿದ್ದರು. "ಅವರನ್ನ ಸಮಾಧಾನ ಮಾಡಿದ್ದೀನಿ, ಬಿಡಿ. ಆ ಹುಡುಗಿದು ಏನಾಗಿದೆ?"

"ಹತ್ತೂ ಬರೆದಿದ್ದಾಳೆ ಸಾರ್. ಹತ್ತಕ್ಕೆ ಐದು ಬರದಿದ್ರೆ ಫೇಲು, ಇವಳದು ಐದು ಮುಟ್ಟೋದು ಕಷ್ಟ."

"ಫೇಲೆಲ್ಲ ಯಾಕೆ? ಯಾವಾಗಿನ ಹಾಗೆ ಒಂದು ಸ್ಟಾರ್ ಅಂಟಿಸಿ, ಗುಡ್ ಅಂತ ಬರೆದು ಕೊಟ್ಟುಬಿಡಿ. ನಿಮ್ಮ ಗಂಟೇನು ಹೋಗುತ್ತೆ?" ಎಂದು ಅವರು ಚಹಾ ಹೀರಿದರು. ಕೆಟ್ಟವರಲ್ಲ. ಸೂಜಿಯ ಹಾಳೆಯ ಮೇಲೆ ಕೆಂಪು ಶಾಯಿಯ ತಪ್ಪು ಗುರುತು ಬೀಳಕೂಡದು ಎಂದು ವರ್ಷದ ಮೊದಲ ಮೀಟಿಂಗಿನಲ್ಲಿ ಎಲ್ಲರನ್ನೂ ಒಪ್ಪಿಸಿದವರು ಅವರೇ. ಸ್ಟಾರುಗಳ ಹಾಳೆ ಅವಳ ಪರ್ಸಿನಲ್ಲೇ ಇತ್ತು, ಹಿಂದೆ ಗೋಂದಿರುವ ಚಿನ್ನದ ಬಣ್ಣದವು. ಅಂಟಿಸಲು ಒಂದು ಕೈ ಸಾಕು. ಎಷ್ಟೋ ಸಲ ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಾದಿನಿಯ ಜೊತೆ ಮಾತಾಡುತ್ತಲೇ ಅಂಟಿಸಿದ್ದುಂಟು.

ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಹಿಂದೆ ಆಟದ ಸಾಮಾನಿನ ಉಗ್ರಾಣವಾಗಿತ್ತು. ಗೋಡೆಯ ಮೊಳೆಯಲ್ಲಿ ಹರಿದ ವಾಲಿಬಾಲ್ ನೆಟ್ಟು ಈಗಲೂ ನೇತಾಡುತ್ತಿತ್ತು. ವಿಶೇಷ ಮಕ್ಕಳಿಗೆ ಕಲಿಸುವ ಟೀಚರ್ ಅಲ್ಲಿ ಕೂರುತ್ತಿದ್ದರು. ನಿವೃತ್ತಿಗೆ ಹತ್ತಿರವಾದವರು, ದೊಡ್ಡ ದನಿಯವರು, ಯಾರಿಗೂ ಸೊಪ್ಪು ಹಾಕದವರು. ಶಾಲೆಯಲ್ಲಿ ಎಲ್ಲರೂ ಅವರನ್ನು ಕೋಣೆ ಟೀಚರ್ ಎನ್ನುತ್ತಿದ್ದರು, ಅವರೂ ಹಾಗೇ ಸಹಿ ಮಾಡುವುದೊಂದು ಬಾಕಿ. ಅವಳು ನಡೆದದ್ದನ್ನೆಲ್ಲ ಹೇಳಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಕೋಣೆ ಟೀಚರ್ ಕನ್ನಡಕ ಏರಿಸಿ ನೋಡಿದರು, ತೂತಿನ ಮೇಲೆ ಬೆರಳಾಡಿಸಿದರು, ಬಿಸ್ಕತ್ತಿನ ಡಬ್ಬ ಮುಂದೆ ತಳ್ಳಿದರು.

"ಹೆಡ್‌ಮಾಸ್ತರು ಸ್ಟಾರ್ ಹಾಕಿ ಅಂತಾರೆ."

"ಹಾಕಿ. ನಿಮ್ಮ ಸ್ಟಾರು ಅಂದ್ರೆ ಅವಳಿಗೆ ಬಲು ತಮಾಷೆ." ಅವರು ಬಿಸ್ಕತ್ತು ಮುರಿದರು. "ಹೇಳಬೇಡಿ ಅಂತ ಭಾಷೆ ತಗೊಂಡಿದ್ದಾಳೆ, ಆದ್ರೂ ಹೇಳ್ತೀನಿ. ಹೋದ ತಿಂಗಳ ಹೋಂವರ್ಕಲ್ಲಿ ನಾಲ್ಕು ಪ್ರಶ್ನೆಗೂ ಒಂದೇ ಉತ್ತರ ಬರೆದಿದ್ದಳಂತೆ. ಮೋಡ. ನದಿ ಎಲ್ಲಿ ಹುಟ್ಟುತ್ತೆ, ಮೋಡ. ನಿಮ್ಮ ಊರಿನ ಬೆಳೆ ಯಾವುದು, ಮೋಡ. ನೀವು ಮೂರು ಸ್ಟಾರ್ ಅಂಟಿಸಿ ವೆರಿ ಗುಡ್ ಅಂತ ಬರೆದು ಕೊಟ್ರಂತೆ. ಇಲ್ಲಿ ಬಂದು ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಆ ಹಾಳೇನ ಚಿಕ್ಕದಾಗಿ ಮಡಚಿ ಬ್ಯಾಗಿನ ತಳಕ್ಕೆ ಹಾಕಿದ್ಳು."

ನಗು ಬಂದಂತೆ ಮುಖ ಮಾಡಿ ಅವಳು ವಾಲಿಬಾಲ್ ನೆಟ್ಟಿನ ತೂತುಗಳನ್ನು ನೋಡಿದಳು. ಇಡೀ ವರ್ಷ ತಾನು ಒಂದು ಉತ್ತರವನ್ನೂ ಓದಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಇನ್ನೊಬ್ಬರಿಗೆ ಗೊತ್ತಿದೆಯೆಂಬುದು ಗೊತ್ತಿರಲಿಲ್ಲ. ನಾಚಿಕೆಯೆಂದರೆ ಇಷ್ಟೇಯೇನೋ ಎನ್ನಿಸಿ ಇನ್ನಷ್ಟು ನಾಚಿಕೆಯಾಯಿತು.

"ಹಾಗಾದ್ರೆ ಸರಿಯಾಗಿ ತಿದ್ದಿಬಿಡ್ಲಾ?"

"ಅದೂ ಹೆದರಿಕೆಯೇ," ಎಂದು ಕೋಣೆ ಟೀಚರ್ ಮೊದಲ ಸಲ ದನಿ ತಗ್ಗಿಸಿದರು. "ಹಿಂದಿನ ಶಾಲೇಲಿ ಕೆಂಪು ಗೀಟು ನೋಡಿ ನೋಡಿ ಶಾಲೆಯೇ ಬೇಡ ಅಂತ ಮನೇಲಿ ಕೂತಿದ್ದ ಹುಡುಗಿ ಅದು. ಗೇಟಿನ ಹತ್ರ ಬಂದ್ರೆ ವಾಂತಿ ಮಾಡ್ಕೊಳ್ಳೋಳು. ಅವರಮ್ಮ ಹೊಲಿಗೆ ಮಷಿನ್ ಬಿಟ್ಟು ದಿನಾ ಕರ್ಕೊಂಡು ಬಂದು ದಿನಾ ವಾಪಸ್ ಕರ್ಕೊಂಡು ಹೋಗೋರು. ನಾಳೆ ಮತ್ತೆ ಹಾಗಾದ್ರೆ ಯಾರು ಹೊಣೆ? ನಾನಂತೂ ಹೇಳಲಾರೆ. ಹಾಳೆ ಅವಳದು. ಅವಳನ್ನೇ ಕೇಳಿ."

ಸೂಜಿ ಬಂದು ಬಾಗಿಲಲ್ಲಿ ನಿಂತಳು. ಆ ಹೆಸರಿಟ್ಟವರು ಅವಳ ತಾಯಿ, ಟೈಲರ್; ತೆಳ್ಳಗೆ, ನೆಟ್ಟಗೆ, ಕಣ್ಣು ಮಾತ್ರ ಚುರುಕು. ಯೂನಿಫಾರ್ಮಿನ ಅಂಚು ಎಷ್ಟು ನೀಟಾಗಿತ್ತೆಂದರೆ ಅಂಥ ಹೊಲಿಗೆ ಇಡೀ ಶಾಲೆಯಲ್ಲಿ ಇನ್ನೊಂದಿರಲಿಲ್ಲ. ಮೇಜಿನ ಮೇಲಿನ ಹಾಳೆ ಕಂಡು ಅವಳ ಮುಖ ಅರಳಿತು. ಅದನ್ನು ನೋಡಿಯೂ, ಅಥವಾ ನೋಡಿದ್ದರಿಂದಲೇ, ಭೂಗೋಳದ ಟೀಚರ್ ಅವಸರ ಮಾಡಿದಳು. ವಕೀಲರ ಹತ್ತಿರ ಕ್ಷಮೆ ಕೇಳಿದ ಮೇಲೆ ಈ ಮಗುವಿನ ಹತ್ತಿರವೂ ಕೇಳದಿದ್ದರೆ ಹೇಗೆ.

"ಸಾರಿ ಪುಟ್ಟಾ. ಈ ಹಾಳೆ ನಿನಗೆ ತಪ್ಪಿ ಬಂದುಬಿಡ್ತು. ನಿನ್ನದು ಬೇರೆ ಇತ್ತು. ಇದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ, ಆಯ್ತಾ?"

ಅರಳಿದ ಮುಖ ಹಾಗೇ ಸ್ವಲ್ಪ ಹೊತ್ತು ಇತ್ತು, ಮುಚ್ಚುವುದನ್ನು ಮರೆತ ಅಂಗಡಿಯ ಹಾಗೆ. "ತಪ್ಪಿ ಬಂದಿದ್ದಾ?" ಎಂದಳು ಸೂಜಿ.

"ಹೂಂ. ಎಣಿಕೆ ತಪ್ಪೋಯ್ತು."

"ನಾನು ಅಮ್ಮಂಗೆ ಹೇಳಿದ್ದೆ. ಈ ಸಲ ನನಗೂ ಎಲ್ಲರದ್ದೇ ಕೊಟ್ಟಿದ್ದಾರೆ ಅಂತ. ಅಮ್ಮ ಅಳತೆ ಕೊಡೋಕೆ ಬಂದೋರಿಗೆಲ್ಲ ಹೇಳಿದ್ರು." ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಕೋಣೆ ಟೀಚರ್ ಬಿಸ್ಕತ್ತಿನ ಡಬ್ಬದ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕ್ಷಮೆ ಕೇಳಿಯೂ ಒಬ್ಬರನ್ನು ಇಷ್ಟು ನೋಯಿಸಬಹುದೆಂದು ಭೂಗೋಳದ ಟೀಚರಿಗೆ ತಿಳಿದಿರಲಿಲ್ಲ. ಬೆಳಿಗ್ಗೆಯಿಂದ ಸಿಕ್ಕಸಿಕ್ಕವರ ಹತ್ತಿರ ಕ್ಷಮೆ ಕೇಳುತ್ತಿರುವ ತನ್ನ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು.

"ಹಾಗಾದ್ರೆ ಇದಕ್ಕೆ ಮಾರ್ಕು ಇಲ್ವಾ?" ಸೂಜಿ ಕೇಳಿದಳು.

"ಹಾಕಬೇಕು ಅಂದ್ರೆ ಹಾಕ್ತೀನಿ. ಆದ್ರೆ ಕೆಲವು ತಪ್ಪಿರುತ್ತೆ."

"ತಪ್ಪಿದ್ರೆ ತಪ್ಪು ಹಾಕಿ. ಎಲ್ಲರಿಗೂ ಹಾಕ್ತೀರಲ್ಲ."

"ನಿನಗೆ ಬೇಜಾರಾದ್ರೆ?"

"ಆಗುತ್ತೆ," ಎಂದಳು ಹುಡುಗಿ. "ಎಲ್ಲರಿಗೂ ಆಗುತ್ತೆ."

"ಆ ಶಾಲೇಲಿ ಹಾಕಿದ್ದಕ್ಕೇ ಅಲ್ವೇನೇ ಬಿಟ್ಟು ಬಂದದ್ದು?" ಕೋಣೆ ಟೀಚರ್ ತಡೆಯಲಾರದೆ ಕೇಳಿದರು.

ಸೂಜಿ ಬೆರಳಿನಿಂದ ಗಾಳಿಯಲ್ಲಿ ಮೇಲಿಂದ ಕೆಳಗೆ ಒಂದು ಉದ್ದ ಗೀಟು ಎಳೆದು ತೋರಿಸಿದಳು. "ಆ ಮಿಸ್ಸು ಹೀಗೆ ಎಳೀತಿದ್ರು. ಓದ್ತಾನೇ ಇರ್ಲಿಲ್ಲ." ಮುಂದಿನ ಮಾತನ್ನು ಅವಳು ಹೇಳಲಿಲ್ಲ. ಭೂಗೋಳದ ಟೀಚರ್ ಅದನ್ನು ತಾನೇ ಹೇಳಿಕೊಂಡಳು, ಮನಸ್ಸಿನಲ್ಲಿ, ಮೋಡ, ಮೋಡ, ಮೋಡ ಎಂದು. ಹೊರಡುವಾಗ ಹುಡುಗಿ ತಿರುಗಿ, "ಮುಂದಿನ ಸಲ ಅಕ್ಷರ ದೊಡ್ಡದಿರ್ಲಿ ಮೇಡಂ, ಸಣ್ಣವು ಓಡಾಡ್ತವೆ. ಎರಡು ದಿನ ಜಾಸ್ತಿ ಕೊಡಿ. ಪ್ರಶ್ನೆ ಎಲ್ಲರದ್ದೇ ಇರ್ಲಿ," ಎಂದು, ಬಟ್ಟೆ ಕೊಟ್ಟು ಅಳತೆ ಹೇಳುವವರ ದನಿಯಲ್ಲಿ ಹೇಳಿ ಹೋದಳು.

ತರಗತಿಗೆ ಮುಂಚಿನ ಬಿಡುವಿನಲ್ಲಿ ಟೀಚರ್ ಆ ಹಾಳೆ ಹಿಡಿದು ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತು ಓದಿದಳು. ಮೊದಲ ಓದಿಗೆ ಅಕ್ಷರಗಳು ಅವಳ ಕಣ್ಣಿಗೂ ಓಡಾಡಿದವು. ನಿಮ್ಮ ಮನೆಯ ಮಾಳಿಗೆಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿನ ಮನೆಯವರ ಬಾಗಿಲಿಗೆ ಹೋಗುತ್ತದೆ, ಅವರು ಬೈಯುತ್ತಾರೆ, ಆಮೇಲೆ ಚರಂಡಿಗೆ ಹೋಗುತ್ತದೆ. ಸರಿ. ಚಿತ್ರಕ್ಕೂ ನಕ್ಷೆಗೂ ಏನು ವ್ಯತ್ಯಾಸ? ಚಿತ್ರ ಎದುರಿನಿಂದ, ನಕ್ಷೆ ಮೇಲಿನಿಂದ. ಸರಿ, ಇಡೀ ತರಗತಿಯಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಬರೆದಿರಲಿಲ್ಲ. ನಿಮ್ಮ ಮನೆಯಿಂದ ನೋಡಿದರೆ ಸೂರ್ಯ ಯಾವ ದಿಕ್ಕಿನಲ್ಲಿ ಮುಳುಗುತ್ತಾನೆ? ಕಾಣುವುದಿಲ್ಲ, ಎದುರುಮನೆ ಅಡ್ಡ. ಅವಳಿಗೆ ಜೋರಾಗಿ ನಗು ಬಂತು, ಹಾದುಹೋಗುತ್ತಿದ್ದ ಗಣಿತದ ಮೇಷ್ಟ್ರು ತಿರುಗಿ ನೋಡಿದರು. ಆದರೂ ತಪ್ಪು. ಕೆಂಪು ಪೆನ್ನು ತೆಗೆದು ಗುರುತು ಹಾಕಿದಳು. ಅದು ಇರುವೆಯಷ್ಟು ಚಿಕ್ಕದಾಗಿ, ಹೆದರಿಕೊಂಡಂತೆ ಬಂತು. ಆಮೇಲೆ ಅದರ ಮೇಲೆಯೇ, ಉಳಿದವರ ಹಾಳೆಯಲ್ಲಿ ಹಾಕುವಷ್ಟೇ ದೊಡ್ಡದಾಗಿ ಇನ್ನೊಮ್ಮೆ ಹಾಕಿದಳು. ಒಂಬತ್ತನೇದು, ನಕ್ಷೆಗೆ ಅಳತೆ ಯಾಕೆ ಬೇಕು? ಇಲ್ಲದಿದ್ದರೆ ಬಿಗಿಯಾಗುತ್ತದೆ. ಇದಕ್ಕೂ ತಪ್ಪು ಹಾಕಿ ಮುಂದೆ ಹೋದಳು. ಎಲ್ಲ ಕೂಡಿದರೆ ನಾಲ್ಕು. ಮತ್ತೊಮ್ಮೆ ಕೂಡಿದಳು, ಎಲ್ಲಿಂದಾದರೂ ಇನ್ನೊಂದು ಬರಲೆಂದು. ನಾಲ್ಕೇ. ಹಾಳೆಯ ತಲೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದಳು.

ತರಗತಿಯಲ್ಲಿ ಹಾಳೆಗಳನ್ನು ಒಂದೊಂದೇ ಬೆಂಚಿಗೆ ಅವಳೇ ಹೋಗಿ ಕೊಟ್ಟಳು. ಸೂಜಿ ತನ್ನದನ್ನು ತೆಗೆದುಕೊಂಡು ನೋಡಿದಳು, ಬೋರಲು ಹಾಕಿದಳು, ಬೆಂಚಿನ ಮೇಲೆ ಹಣೆಯಿಟ್ಟು ಮಲಗಿಬಿಟ್ಟಳು. ಎರಡು ಜಡೆಗಳು ಆಚೆ ಈಚೆ ಬಿದ್ದವು. ಆಯಿತು, ಎಂದುಕೊಂಡಳು ಟೀಚರ್. ಹೆಡ್‌ಮಾಸ್ತರ ಮಾತು ಕೇಳಬೇಕಿತ್ತು, ಒಂದು ಸ್ಟಾರಿಗೆ ಯಾರಪ್ಪನ ಮನೆಯದು ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಗೇಟಿನ ಹತ್ತಿರ ಆ ತಾಯಿ ಮಗಳ ಬೆನ್ನು ನೀವುತ್ತ ನಿಂತಿರುತ್ತಾಳೆ, ತಾನು ಅವರನ್ನು ದಾಟಿಕೊಂಡು ಒಳಗೆ ಹೋಗಬೇಕು. ಅವಳು ಹಲಗೆಯ ಕಡೆ ತಿರುಗಿ ಏನನ್ನೋ ಬರೆದಳು, ಏನು ಬರೆದೆನೆಂದು ಬರೆದ ಮೇಲೂ ತಿಳಿಯಲಿಲ್ಲ.

ಅಷ್ಟರಲ್ಲಿ ಹಿಂದೆ ಬೆಂಚುಗಳು ಸರಿದಾಡಿದವು, ಎಂದಿನ ಸಂತೆ ಶುರುವಾಯಿತು. ಹಾಳೆ ಕೊಟ್ಟ ದಿನ ಮೇಜಿನ ಮುಂದೆ ಸಾಲು ನಿಲ್ಲುವುದು ಈ ತರಗತಿಯ ಆಜನ್ಮಸಿದ್ಧ ಹಕ್ಕು. ಅರ್ಧ ಮಾರ್ಕು ಕೊಡಿ ಮೇಡಂ, ಅವನಿಗೆ ಕೊಟ್ಟಿದ್ದೀರಿ ನನಗಿಲ್ಲ, ಕೂಡಿದ್ದು ತಪ್ಪಿದೆ ಮೇಡಂ. ಕೊಡಲ್ಲ, ಹೋಗು. ಬರೆದಿದ್ದಕ್ಕೆ ಮಾರ್ಕು, ಗೊತ್ತಿದ್ದಕ್ಕಲ್ಲ. ಅವಳ ಬಾಯಿ ತನ್ನಷ್ಟಕ್ಕೆ ತಾನು ಉತ್ತರ ಕೊಡುತ್ತಿತ್ತು. ವಕೀಲರ ಮಗ ನಾಲ್ಕಕ್ಕೆ ನಾಲ್ಕು ತೆಗೆದ ಹಾಳೆ ಹಿಡಿದು ಬಂದಿದ್ದ. "ನನ್ನದನ್ನ ಹತ್ತಕ್ಕೆ ಹತ್ತು ಮಾಡಿ ಮೇಡಂ, ಅಪ್ಪ ಹೇಳಿದ್ದಾರೆ." "ಉಳಿದ ಆರು ಪ್ರಶ್ನೆ ನಾಳೆ ಬರ್ಕೊಂಡು ಬಾ, ಮಾಡೋಣ. ಅಪ್ಪನಿಗೂ ಹೇಳು," ಎಂದಳು, ಮತ್ತು ಈ ಸಲ ತಲೆ ಬಗ್ಗಿಸಲಿಲ್ಲ. ಅವನು ಸರಿದಾಗ ಅವನ ಹಿಂದೆ ಸೂಜಿ ನಿಂತಿದ್ದಳು. ಹಣೆಯ ಮೇಲೆ ಬೆಂಚಿನ ಗೆರೆಯೊಂದು ಕೆಂಪಗೆ ಮೂಡಿತ್ತು, ಕಣ್ಣೂ ಸ್ವಲ್ಪ ಕೆಂಪಗಿತ್ತು. ವರ್ಷವಿಡೀ ಆ ಸಾಲಿನಲ್ಲಿ ಅವಳು ನಿಂತದ್ದಿಲ್ಲ. ಸ್ಟಾರಿಗೆ ಯಾರು ಚೌಕಾಶಿ ಮಾಡುತ್ತಾರೆ.

"ಏಳನೇದು," ಎಂದು ಸೂಜಿ ಹಾಳೆಯನ್ನು ಮೇಜಿಗಿಟ್ಟಳು. "ನಮ್ಮನೆಯಿಂದ ನೋಡಿದ್ರೆ ಅಂತ ಕೇಳಿದ್ದೀರಿ. ನಮ್ಮನೆಯಿಂದ ನೋಡಿದ್ರೆ ಕಾಣಲ್ಲ."

"ದಿಕ್ಕು ಕೇಳಿದ್ದೆ."

"ಪಶ್ಚಿಮ. ಅದು ಗೊತ್ತು."

"ಬರೆದಿದ್ದಕ್ಕೆ ಮಾರ್ಕು, ಗೊತ್ತಿದ್ದಕ್ಕಲ್ಲ."

"ಕಾಣಲ್ಲ ಅಂತ ಬರೆದಿದ್ದೀನಲ್ಲ ಮೇಡಂ, ಅದಕ್ಕೆ ಕೊಡಿ."

ಹಿಂದಿನವರು ಕಿಸಕ್ಕೆಂದು ನಕ್ಕರು. ಸೂಜಿಯನ್ನು ನೋಡಿ ಅಲ್ಲ, ಮೇಡಂ ಸಿಕ್ಕಿಬಿದ್ದಳೆಂದು. "ಕೊಡಿ ಮೇಡಂ, ಪಾಯಿಂಟ್ ಇದೆ," ಎಂದ ಒಬ್ಬ. ಅವಳು ಕಷ್ಟಪಟ್ಟು ಮುಖ ಗಂಟಿಕ್ಕಿಕೊಂಡಳು. ನಾಲ್ಕನ್ನು ಹೊಡೆದು ಪಕ್ಕದಲ್ಲಿ ನಾಲ್ಕೂವರೆ ಬರೆದಳು. "ಅರ್ಧ. ಇನ್ನು ಹೋಗು."

ಸೂಜಿ ಹಾಳೆ ತೆಗೆದುಕೊಂಡು ನಾಲ್ಕೂವರೆಯನ್ನು ನೋಡಿದಳು. ಥ್ಯಾಂಕ್ಸ್ ಹೇಳಲಿಲ್ಲ, ಆ ಸಾಲಿನಲ್ಲಿ ಯಾರೂ ಹೇಳುವುದಿಲ್ಲ. "ಇನ್ನರ್ಧ ಬಂದ್ರೆ ಪಾಸು," ಎಂದು ತನ್ನಷ್ಟಕ್ಕೆ ಗೊಣಗುತ್ತ, ಒಂಬತ್ತನೇ ಉತ್ತರದ ಮೇಲೆ ಬೆರಳಿಟ್ಟುಕೊಂಡು, ತಿರುಗಿ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.